ಹಾಡು ಚೆನ್ನಾಗಿದ್ದರೂ ರೇಟಿಂಗ್ ಯಾಕಿಲ್ಲ?

ಪ್ರಶ್ನೆ: ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತೇನೆ. ಶನಿವಾರ, ಭಾನುವಾರ ಎರಡು ಚಾನೆಲ್‌ಗಳಲ್ಲಿ ಒಂದೇ ಹೊತ್ತಿಗೆ ಹಾಡಿನ ಸ್ಪರ್ಧೆ ಬಂದರೆ ನಮ್ಮ ಮನೆಯಲ್ಲಿ ನೋಡುವುದು ಶ್ರುತಿ ಸರಿಯಿರುವ ಕಡೆ. ಆದರೆ ರೇಟಿಂಗ್ ಮಾತ್ರ ಪ್ರೋಮೋ ಅಬ್ಬರ ಇರುವ ಶೋಗೇ ಜಾಸ್ತಿ ಅಂತ ಕೇಳುತ್ತೇವೆ. ಗುಣಮಟ್ಟಕ್ಕೆ ಬೆಲೆಯೇ ಇಲ್ವಾ ಸರ್?

ಉತ್ತರ: ಬೆಲೆ ಇದೆ ಟೀಚರ್. ಅದು ಲೆಕ್ಕಕ್ಕೆ ಬರುವುದು ಸ್ವಲ್ಪ ತಡವಾಗಿ.

ರೇಟಿಂಗ್‌ನ ಹೊಟ್ಟೆಯೊಳಗೆ ಎರಡು ಸಂಖ್ಯೆಗಳಿವೆ. ಎಷ್ಟು ಜನ ಶೋ ಹಾಕಿದರು ಅನ್ನುವುದು ಒಂದು, ಇದಕ್ಕೆ ರೀಚ್ ಅನ್ನುತ್ತಾರೆ. ಹಾಕಿದವರು ಎಷ್ಟು ನಿಮಿಷ ಕೂತರು ಅನ್ನುವುದು ಇನ್ನೊಂದು. ಎರಡನ್ನೂ ಗುಣಿಸಿ, ಶೋ ಎಷ್ಟು ನಿಮಿಷದ್ದೋ ಅದರಿಂದ ಭಾಗಿಸಿದರೆ ಸರಾಸರಿ ಒಂದು ನಿಮಿಷಕ್ಕೆ ಎಷ್ಟು ಜನ ಇದ್ದರು ಅನ್ನುವುದು ಸಿಗುತ್ತದೆ. 2015ರಿಂದ ಟಿವಿ ರೇಟಿಂಗ್ ಕೊಡುತ್ತಿರುವ ಬಾರ್ಕ್ ಸಂಸ್ಥೆಯ ಲೆಕ್ಕದ ಬುಡ ಇದು.

ಒಂದು ಉದಾಹರಣೆ ಹಾಕಿ ನೋಡೋಣ. ಎರಡೂ ಶೋಗಳು 60 ನಿಮಿಷದವು ಅಂದುಕೊಳ್ಳಿ. ಅಬ್ಬರದ ಶೋಗೆ 100 ಜನ ಬಂದು ತಲಾ 15 ನಿಮಿಷ ಕೂತರು. ಲೆಕ್ಕ 25 ಬಂತು. ನಿಮ್ಮ ಮೆಚ್ಚಿನ ಶೋಗೆ ಬಂದವರು 50 ಜನ ಮಾತ್ರ, ಆದರೆ 36 ನಿಮಿಷ ಕೂತರು. ಲೆಕ್ಕ 30. ಅರ್ಧದಷ್ಟು ಜನ ಬಂದರೂ ಗೆದ್ದದ್ದು ಹಾಡು. ಈಗ ಅಬ್ಬರದವರು ಪ್ರಚಾರಕ್ಕೆ ಇನ್ನಷ್ಟು ದುಡ್ಡು ಸುರಿದು 200 ಜನರನ್ನು ತಂದರು ಅನ್ನಿ. ಅದೇ 15 ನಿಮಿಷಕ್ಕೆ ಲೆಕ್ಕ 50ಕ್ಕೆ ಏರಿತು. ನಿಮ್ಮ ಬೇಸರಕ್ಕೆ ಕಾರಣ ಈ ಎರಡನೇ ಲೆಕ್ಕ. ಪ್ರಚಾರ ಸಾಕಷ್ಟು ದೊಡ್ಡದಾದರೆ ಗುಣಮಟ್ಟದ ಕೊರತೆಯನ್ನು ಮುಚ್ಚಿಬಿಡುತ್ತದೆ. ಆದರೆ ಎಷ್ಟು ವಾರ?

ನಮ್ಮ ಕಡೆಯ ಯಕ್ಷಗಾನ ಬಯಲಾಟ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಟಕ್ಕೆ ಮುಂಚಿನ ಚೌಕಿ ಪೂಜೆಯ ಹೊತ್ತಿಗೆ ಜನ ಸೇರುವುದು ನೋಟೀಸಿನಿಂದ, ಮೈಕಿನಿಂದ. ರಾತ್ರಿ ಎರಡು ಗಂಟೆಗೂ ಕುರ್ಚಿ ಖಾಲಿಯಾಗದಿದ್ದರೆ ಅದು ಭಾಗವತರ ಪದದಿಂದ. ಟಿವಿಯಲ್ಲೂ ಮೊದಲ ವಾರದ ರೇಟಿಂಗ್ ಬಹುಮಟ್ಟಿಗೆ ಪ್ರಚಾರದ ಫಲ. ಐದಾರು ವಾರ ಕಳೆದ ಮೇಲಿನದ್ದು ಶೋದ ಸ್ವಂತ ಸಂಪಾದನೆ. ಗ್ರ್ಯಾಂಡ್ ಫಿನಾಲೆ ಬಂದಾಗ ಮತ್ತೆ ಪ್ರಚಾರದ ಕೈ ಮೇಲಾಗುತ್ತದೆ. ಹಾಗಾಗಿ ಎರಡು ಶೋಗಳನ್ನು ತೂಗುವಾಗ ನಾನು ಆರಂಭ, ಮುಕ್ತಾಯ ಎರಡನ್ನೂ ಬಿಟ್ಟು ನಡುವಿನ ವಾರಗಳನ್ನು ನೋಡುತ್ತೇನೆ.

ಹಾಗಾದರೆ ಚಾನೆಲ್‌ನವರು ಹಾಡು ಬಿಟ್ಟು ಪ್ರೋಮೋ ಹಿಂದೆ ಬೀಳುವುದು ಯಾಕೆ? ಕಾರಣ ಕ್ಯಾಲೆಂಡರಿನಲ್ಲಿದೆ. ಬಾರ್ಕ್ ವಾರ ಶನಿವಾರದಿಂದ ಶುಕ್ರವಾರದವರೆಗೆ. ಅಂಕಿ ಬರುವುದು ಅದರ ಮುಂದಿನ ಗುರುವಾರ. ಅಂದರೆ ಈ ಶನಿವಾರದ ಎಪಿಸೋಡಿನ ಫಲಿತಾಂಶ ಕೈಗೆ ಸಿಗಲು 12 ದಿನ ಬೇಕು. ಅಷ್ಟರಲ್ಲಿ ಮುಂದಿನ ಎಪಿಸೋಡುಗಳ ಶೂಟಿಂಗ್ ಸಾಮಾನ್ಯವಾಗಿ ಮುಗಿದಿರುತ್ತದೆ. ಗುರುವಾರ ಅಂಕಿ ಬಿದ್ದರೆ ಶುಕ್ರವಾರಕ್ಕೆ ಬದಲಾಯಿಸಲು ಸಾಧ್ಯವಿರುವುದು ಪ್ರೋಮೋ ಒಂದೇ. ತಾಯಿಯ ಕಣ್ಣೀರು, ಜಡ್ಜ್ ಎದ್ದು ಹೋಗುವ ದೃಶ್ಯ ಮುಂದೆ ಬರುವುದು ಹೀಗೆ. ಅದನ್ನು ನಂಬಿ ಬಂದವರಿಗೆ ಪೂರ್ತಿ ಎಪಿಸೋಡಿನಲ್ಲಿ ಅಂಥದ್ದೇನೂ ಸಿಗದಿದ್ದರೆ ರೀಚ್ ಏರಿ ನಿಮಿಷ ಇಳಿಯುತ್ತದೆ. ಮುಂದಿನ ವಾರ ಅವರು ಬರುವುದೂ ಇಲ್ಲ.

ಕೇಬಲ್‌ನಲ್ಲಿ ಲ್ಯಾಂಡಿಂಗ್ ಪೇಜ್ ಅಂತ ಇನ್ನೊಂದು ದಾರಿ ಇದೆ. ಸೆಟ್‌ಟಾಪ್ ಬಾಕ್ಸ್ ಆನ್ ಮಾಡಿದ ಕೂಡಲೇ ದುಡ್ಡು ಕೊಟ್ಟ ಚಾನೆಲ್ಲೇ ಮೊದಲು ತೆರೆದುಕೊಳ್ಳುತ್ತದೆ. ಮೊದಲ ನೋಟ ಸಿಗಬಹುದು, ಆದರೆ ರಿಮೋಟ್ ಒತ್ತುವ ಬೆರಳನ್ನು ಅದು ಹಿಡಿದಿಡಲಾರದು.

ಹಿಡಿದಿಡುವುದು ಏನು ಅಂತ ನೀವು ಕಣ್ಣಾರೆ ನೋಡಿದ್ದೀರಿ. ಈಟಿವಿ ಕನ್ನಡದಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ನಡೆಸಿಕೊಡುತ್ತಿದ್ದ 'ಎದೆ ತುಂಬಿ ಹಾಡುವೆನು' ನೆನಪು ಮಾಡಿಕೊಳ್ಳಿ. ಸ್ಪರ್ಧೆಗಳಲ್ಲಿ ಜನ ಚಾನೆಲ್ ಬದಲಿಸುವುದು ಹೆಚ್ಚಾಗಿ ಹಾಡು ಮುಗಿದು ಜಡ್ಜ್ ಮಾತು ಶುರುವಾದಾಗ. ಅಲ್ಲಿ ಉಲ್ಟಾ. ಎಸ್‌ಪಿಬಿ ಉಚ್ಚಾರ ತಿದ್ದುತ್ತಿದ್ದರು, ಆ ಹಾಡಿನ ಹಿಂದಿದ್ದ ಸಂಗೀತ ನಿರ್ದೇಶಕರ, ಕವಿಯ ವಿಷಯ ಹೇಳುತ್ತಿದ್ದರು. ಅದಕ್ಕಾಗಿಯೇ ಕೂತವರು ಎಷ್ಟು ಜನ! ಗುಣಮಟ್ಟ ಅಂದರೆ ಸೆಟ್ಟು, ಲೈಟು ಅಂತ ನಾನು ಒಪ್ಪುವುದಿಲ್ಲ. ಎರಡು ಹಾಡುಗಳ ನಡುವಿನ ಆ ಮೂರು ನಿಮಿಷ ಹೇಗಿದೆ ಅನ್ನುವುದೇ ನನಗೆ ದೊಡ್ಡ ಪರೀಕ್ಷೆ.

ಪ್ರಶ್ನೆ: ಒಂದು ಡ್ಯಾನ್ಸ್ ಶೋದ ಕ್ಲಿಪ್ ಯೂಟ್ಯೂಬ್‌ನಲ್ಲಿ ಲಕ್ಷಗಟ್ಟಲೆ ವ್ಯೂಸ್ ಪಡೆಯುತ್ತದೆ. ಆದರೂ ಟಿಆರ್‌ಪಿ (ಟಿವಿ ರೇಟಿಂಗ್) ಕಡಿಮೆ. ಹೇಗೆ? (ಮಂಜೇಶ್ವರದ ಕಾಲೇಜು ವಿದ್ಯಾರ್ಥಿನಿ)

ಉತ್ತರ: ಎರಡೂ ಬೇರೆ ಖಾತೆ ತಂಗೀ. ಟಿಆರ್‌ಪಿ ಬರುವುದು, ಟಿವಿಯಲ್ಲಿ ಯಾವ ಚಾನೆಲ್ ಓಡುತ್ತಿದೆ ಅಂತ ದಾಖಲಿಸುವ ಮೀಟರ್ ಇರುವ ಮನೆಗಳ ಟಿವಿ ಚಾನೆಲ್ ವೀಕ್ಷಣೆಯಿಂದ. ಮೊಬೈಲಿನಲ್ಲಿ ನೋಡಿದ ಕ್ಲಿಪ್ ಅದಕ್ಕೆ ಸೇರುವುದಿಲ್ಲ. ಎಷ್ಟೋ ಸಲ ಕ್ಲಿಪ್ಪೇ ಹೊಟ್ಟೆ ತುಂಬಿಸಿಬಿಡುತ್ತದೆ, ಒಳ್ಳೆಯ ನಾಲ್ಕು ನಿಮಿಷ ಸಿಕ್ಕಿದ ಮೇಲೆ ಪೂರ್ತಿ ಶೋ ಯಾಕೆ ಅನಿಸುತ್ತದೆ, ಅಲ್ವಾ? ಸ್ಪರ್ಧಿಗೆ ಬೀಳುವ ವೋಟು ಕೂಡ ಟಿಆರ್‌ಪಿ ಅಲ್ಲ.

ಪ್ರಶ್ನೆ: ಪೆರ್ಲದಲ್ಲಿ ಕೂತು ನಾವು ಕನ್ನಡ ಶೋ ನೋಡಿದರೆ ಅದು ಲೆಕ್ಕಕ್ಕೆ ಬರುತ್ತದಾ? ನಮ್ಮ ಮನೆಗೂ ಮೀಟರ್ ಹಾಕಿಸಿಕೊಳ್ಳಬಹುದಾ?

ಉತ್ತರ: ಕೇಳಿ ಹಾಕಿಸಿಕೊಳ್ಳಲು ಆಗುವುದಿಲ್ಲ ಅಣ್ಣ. ಮನೆಗಳನ್ನು ಬಾರ್ಕ್‌ನವರೇ ಆರಿಸುತ್ತಾರೆ, ಯಾವ ಮನೆ ಅಂತ ಗುಟ್ಟಾಗಿ ಇಡುತ್ತಾರೆ. 2025ರಲ್ಲಿ ಕೇಂದ್ರ ಸರ್ಕಾರವೇ ಹೇಳಿದಂತೆ ದೇಶದಲ್ಲಿ ಸುಮಾರು 23 ಕೋಟಿ ಟಿವಿ ಮನೆಗಳಿದ್ದರೆ ಮೀಟರ್ ಇರುವುದು ಸುಮಾರು 58,000.

ನಮಗೆ ನೋವಾಗುವ ಸಂಗತಿ ಮುಂದಿದೆ. ಕನ್ನಡ ಶೋಗಳ ರೇಟಿಂಗ್ ಅಂತ ನಾವು ಓದುವುದು ಕರ್ನಾಟಕದ ಮಾರುಕಟ್ಟೆಯ ಲೆಕ್ಕ. ಕಾಸರಗೋಡು ಕೇರಳದ ಮಾರುಕಟ್ಟೆಯಲ್ಲಿದೆ. ಇಲ್ಲಿ ಒಂದು ಮನೆಗೆ ಮೀಟರ್ ಇದ್ದು, ಆ ಮನೆಯವರೆಲ್ಲ ಕನ್ನಡದ ಹಾಡಿನ ಸ್ಪರ್ಧೆ ನೋಡಿದರೂ ಅದು ಸೇರುವುದು ಕೇರಳದ ಖಾತೆಗೆ. ಕರ್ನಾಟಕದ ಪಟ್ಟಿಯಲ್ಲಿ ಆ ಶೋ ಒಂದು ಕೂದಲೂ ಮೇಲೇರುವುದಿಲ್ಲ. ಜಾಹೀರಾತು ಕೊಡುವವರು ನೋಡುವುದು ಆ ಪಟ್ಟಿಯನ್ನೇ. ನಮ್ಮೂರಿನ ಹುಡುಗಿ ಸ್ಪರ್ಧೆಗೆ ಆಯ್ಕೆಯಾದರೆ ಪೇಟೆಯಲ್ಲಿ ಫ್ಲೆಕ್ಸ್ ಹಾಕುವವರು ಊರಿನವರೇ, ಖರ್ಚೂ ಅವರದ್ದೇ. ಅಷ್ಟು ಪ್ರೀತಿಯ ಪ್ರಚಾರದಿಂದ ಬಂದ ವೀಕ್ಷಕರು ಆ ಶೋದ ಮುಖ್ಯ ಲೆಕ್ಕದಿಂದಲೇ ಹೊರಗೆ! ನನ್ನ ಮಟ್ಟಿಗೆ ಇದು ಅನ್ಯಾಯ. ಭಾಷೆಯ ಗಡಿಯೂ ರಾಜ್ಯದ ಗಡಿಯೂ ಒಂದೇ ಅಂದುಕೊಂಡ ಲೆಕ್ಕದಲ್ಲಿ ಗಡಿನಾಡಿನವರು ಬಿಟ್ಟುಹೋಗುತ್ತಾರೆ.

ನೀವು ಮಾಡಬಹುದಾದ ಕೆಲಸ ಒಂದಿದೆ. ಚಾನೆಲ್‌ಗೆ ಬರೆಯುವಾಗ, ಅವರ ಪುಟದಲ್ಲಿ ಅಭಿಪ್ರಾಯ ಹಾಕುವಾಗ 'ಪೆರ್ಲ, ಕಾಸರಗೋಡು ಜಿಲ್ಲೆ' ಅಂತ ಊರಿನ ಹೆಸರು ಸೇರಿಸಿ. ಯಾವ ಹಾಡಿಗೆ ಕೂತಿರಿ, ಎಲ್ಲಿ ಎದ್ದು ಹೋದಿರಿ ಅಂತಲೂ ಬರೆಯಿರಿ. ಆಡಿಷನ್ ಎಲ್ಲಿ ನಡೆಸಬೇಕು ಅಂತ ಅವರು ಯೋಚಿಸುವ ಹೊತ್ತಿಗೆ ಇಲ್ಲಿಯೂ ನೋಡುವವರಿದ್ದಾರೆ ಅಂತ ಅವರಿಗೆ ಗೊತ್ತಿರಬೇಕು.