ರಷ್ಯಾ ಕೆಟ್ಟದ್ದು ಅವಸರದಿಂದಲ್ಲ

"ರಷ್ಯಾ ಒಂದೇ ಏಟಿಗೆ ಮಾರುಕಟ್ಟೆ ತೆರೆದು ಕೆಟ್ಟಿತು, ಪೋಲೆಂಡಿನ ಹಾಗೆ ನಿಧಾನಕ್ಕೆ ಹೋಗಬೇಕಿತ್ತಲ್ಲವೇ?" ಅಂತ ಕೇಳಿದ್ದೀರಿ. ಪೋಲೆಂಡ್ ನಿಧಾನಕ್ಕೆ ಹೋಯಿತು ಅಂತ ನಿಮಗೆ ಹೇಳಿದವರು ಯಾರು? ಅಲ್ಲಿನ ಹಣಕಾಸು ಮಂತ್ರಿ ಬಾಲ್ಸೆರೋವಿಚ್ 1990ರ ಜನವರಿ 1ಕ್ಕೇ ಬೆಲೆಗಳ ಮೇಲಿನ ಹಿಡಿತ ಸಡಿಲಿಸಿದರು, ರಷ್ಯಾಕ್ಕಿಂತ ಎರಡು ವರ್ಷ ಮೊದಲು. ಅವರು ಎಳೆದಾಡಿದ್ದು ದೊಡ್ಡ ಸರ್ಕಾರಿ ಕಾರ್ಖಾನೆಗಳನ್ನು ಖಾಸಗಿಯವರಿಗೆ ಹಂಚುವ ವಿಷಯದಲ್ಲಿ. ಆಗ ನಾನು ಮಾಸ್ಕೋದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೆ. ಹಾಸ್ಟೆಲ್ ಅಡುಗೆಮನೆಯಲ್ಲಿ ಇದೇ ವಾದ ಮಾಡಿ ನಾನೂ ಗಂಟಲು ಹರಿದುಕೊಂಡವನೇ.

1992ರ ಜನವರಿ 2ಕ್ಕೆ ರಷ್ಯಾದ ಸುಧಾರಣೆಗಳ ಹೊಣೆ ಹೊತ್ತಿದ್ದ ಮಂತ್ರಿ ಗೈದರ್ ಬೆಲೆಗಳ ಮೇಲಿನ ಹಿಡಿತ ಬಿಟ್ಟರು. ಡಿಸೆಂಬರಿನಲ್ಲಿ ಬಣಗುಡುತ್ತಿದ್ದ ಅಂಗಡಿಗಳಿಗೆ ಸಾಮಾನು ಬಂತು, ಕೊಳ್ಳುವವರ ಕೈಯಲ್ಲಿ ಕಾಸಿರಲಿಲ್ಲ. ಒಂದೇ ವರ್ಷದಲ್ಲಿ ಬೆಲೆ 25 ಪಟ್ಟು ದಾಟಿತು. ನಮ್ಮ ಹಾಸ್ಟೆಲ್ ಬಾಗಿಲು ಕಾಯುತ್ತಿದ್ದ ಅಜ್ಜಿಯ ಜೀವಮಾನದ ಉಳಿತಾಯ ನೀರಾಯಿತು. ಮೆಟ್ರೋ ಬಾಗಿಲಲ್ಲಿ ಜನ ಸಾಲಾಗಿ ನಿಂತು ಒಬ್ಬರು ಒಂದು ಜೊತೆ ಬೂಟು, ಇನ್ನೊಬ್ಬರು ಒಂದು ಕೆಟಲ್ ಹಿಡಿದು ಮಾರುತ್ತಿದ್ದರು.

ಅಕ್ಟೋಬರಿಗೆ ವೋಚರ್ ಬಂತು, ಅಂದರೆ ಸರ್ಕಾರಿ ಕಾರ್ಖಾನೆಗಳ ಷೇರು ಕೊಳ್ಳಲು ಸರ್ಕಾರವೇ ಹಂಚಿದ ಚೀಟಿ. ಮಗುವಿನಿಂದ ಮುದುಕರವರೆಗೆ ಪ್ರತಿ ಪ್ರಜೆಗೂ 10,000 ರೂಬಲ್ ಮುಖಬೆಲೆಯ ಒಂದೊಂದು ಚೀಟಿ. ಇದರ ಬೆಲೆ ಮುಂದೆ ಎರಡು ವೋಲ್ಗಾ ಕಾರಿನಷ್ಟಾಗುತ್ತದೆ ಅಂತ ಖಾಸಗೀಕರಣದ ಹೊಣೆ ಹೊತ್ತಿದ್ದ ಚುಬಾಯಿಸ್ ಹೇಳಿದ್ದರು. ಚೀಟಿಯ ಮೇಲೆ ಹೆಸರಿರಲಿಲ್ಲ, ಯಾರು ಬೇಕಾದರೂ ಕೊಳ್ಳಬಹುದಿತ್ತು. ವೋಚರ್ ವ್ಯಾಪಾರದ ರಟ್ಟಿನ ಫಲಕ ಕೊರಳಿಗೆ ನೇತುಹಾಕಿಕೊಂಡು ನಿಂತವರ ಹತ್ತಿರ ಅಪ್ಪ ಕಳಿಸಿದ ಡಾಲರ್ ಮುರಿಸಿ ಮುಖಬೆಲೆಗಿಂತ ಕಡಿಮೆಗೆ ಒಂದು ಕಟ್ಟು ಕೊಂಡೆ. ಕೊಂಡದ್ದು ತಪ್ಪಲ್ಲ. ಅಷ್ಟನ್ನೂ ಒಯ್ದು ಒಂದು ಹೂಡಿಕೆ ಫಂಡಿಗೆ ಸುರಿದೆನಲ್ಲ, ತಪ್ಪು ಅಲ್ಲಿ.

ನಾನೇನು ಕಣ್ಣುಮುಚ್ಚಿ ಕೊಟ್ಟವನಲ್ಲ. ಕಚೇರಿ ನೋಡಿದೆ, ಸರ್ಕಾರದ ಪರವಾನಗಿ ನೋಡಿದೆ, ಮೊಹರು ಬೆಳಕಿಗೆ ಹಿಡಿದು ನೋಡಿದೆ. ಕೇಳದೇ ಬಿಟ್ಟದ್ದು ಇಷ್ಟೇ: ನನ್ನ ವೋಚರಿನಿಂದ ನೀವು ಯಾವ ಕಾರ್ಖಾನೆಯ ಷೇರು ಕೊಳ್ಳುತ್ತೀರಿ, ಆ ಷೇರು ಯಾರ ಹೆಸರಲ್ಲಿರುತ್ತದೆ? ಕೇಳಿದ್ದರೆ ಉತ್ತರ ಇರುತ್ತಿರಲಿಲ್ಲ, ಯಾಕೆಂದರೆ ನನಗೆ ಸಿಕ್ಕಿದ್ದು ಫಂಡಿನ ಷೇರು, ಕಾರ್ಖಾನೆಯದ್ದಲ್ಲ. ಆಡಳಿತ ಮಂಡಳಿ ಯಾರು, ಲೆಕ್ಕ ಯಾರಿಗೆ ಒಪ್ಪಿಸುತ್ತಾರೆ, ಅವರು ಆಸ್ತಿಯನ್ನು ಮೈದುನನ ಕಂಪನಿಗೆ ಮಾರಿದರೆ ನಾನು ಯಾವ ಕೋರ್ಟಿಗೆ ಹೋಗಬೇಕು, ಒಂದೂ ಗೊತ್ತಿರಲಿಲ್ಲ. 1994ರಲ್ಲಿ ಕಚೇರಿಗೆ ಬೀಗ ಬಿತ್ತು. ಅಪ್ಪನಿಗೆ ಪುಸ್ತಕ ಕೊಂಡೆ ಅಂತ ಪತ್ರ ಬರೆದೆ. ಮುಂದಿನ ಸೆಮಿಸ್ಟರ್ ಪೂರ್ತಿ ಮಾರುಕಟ್ಟೆಯಲ್ಲಿ ಜಾಕೆಟ್ ಮಾರಿ ಹೊಟ್ಟೆ ಹೊರೆದೆ.

ನೇರವಾಗಿ ಕಾರ್ಖಾನೆಯ ಷೇರು ಹರಾಜಿಗೆ ಹೋದವರ ಗತಿಯೂ ಅಂಥ ಚೆನ್ನಾಗೇನೂ ಇರಲಿಲ್ಲ. ಹೆಚ್ಚಿನ ಕಾರ್ಖಾನೆಗಳು ಆರಿಸಿಕೊಂಡ ದಾರಿಯಲ್ಲಿ 51% ಷೇರು ಮೊದಲೇ ಒಳಗಿನವರಿಗೆ. ಕಾಗದದ ಮೇಲೆ ಕಾರ್ಮಿಕರು, ನಡೆಸುವವರು ಹಳೆಯ ಡೈರೆಕ್ಟರುಗಳೇ. ಕೇಳಬೇಕಾದ ಸಂಸತ್ತಿನ ಮೇಲೆ 1993ರ ಅಕ್ಟೋಬರ್ 4ಕ್ಕೆ ಅಧ್ಯಕ್ಷ ಯೆಲ್ಟ್ಸಿನ್ ಕಳಿಸಿದ ಟ್ಯಾಂಕುಗಳು ಗುಂಡು ಹಾರಿಸಿದವು (ಆ ಸಂಸತ್ತಿನವರೂ ಸಾಚಾಗಳೇನಲ್ಲ, ಬಿಡಿ). ಆಮೇಲೆ ಬಂದ ಸಂವಿಧಾನ ಅಧ್ಯಕ್ಷರ ಕೈ ಬಲಪಡಿಸಿತು. 1995ರಲ್ಲಿ ದೊಡ್ಡ ಲೋಹದ ಕಂಪನಿ ನೊರಿಲ್ಸ್ಕ್ ನಿಕೆಲ್‌ನ 38% ಪಾಲು, ಸರ್ಕಾರ ಪಡೆದ 17 ಕೋಟಿ ಡಾಲರ್ ಸಾಲಕ್ಕೆ ಹರಾಜಿನಲ್ಲಿ ಅಡವಾಯಿತು. ಆ ಹರಾಜು ನಡೆಸಿದ ಬ್ಯಾಂಕಿನ ಕಡೆಯವರಿಗೇ ಅದು ದಕ್ಕಿತು!

ಹಾಗಾಗಿ ಬೇಗವೋ ನಿಧಾನವೋ ಅನ್ನುವ ಜಗಳ ಬಿಟ್ಟುಬಿಡಿ, ಅಧಿಕಾರದಲ್ಲಿದ್ದವರನ್ನು ಲೆಕ್ಕ ಕೇಳುವವರು ಇದ್ದರೇ ಅಂತ ನೋಡಿ. ಹೋಲಿಸುವುದೇ ಆದರೆ ಜೆಕ್ ದೇಶವನ್ನು ತೆಗೆದುಕೊಳ್ಳಿ. ಅವರೂ ಅವಸರಪಟ್ಟರು, ವೋಚರ್ ಹಂಚಿದರು, ಅಲ್ಲೂ ಫಂಡಿನವರು ಕಂಪನಿಗಳನ್ನು ನುಂಗಿದರು. ಆದರೆ ಪಕ್ಷದ ದೇಣಿಗೆಯ ಹಗರಣ ಹೊರಬಿದ್ದಾಗ 1997ರಲ್ಲಿ ಪ್ರಧಾನಿ ಕ್ಲಾಸ್ ಅವರ ಸರ್ಕಾರ ಉರುಳಿತು, ಮರುವರ್ಷ ಚುನಾವಣೆಯಲ್ಲಿ ವಿರೋಧಿಗಳು ಗೆದ್ದು ಅಧಿಕಾರಕ್ಕೆ ಬಂದರು. ಪೋಲೆಂಡನ್ನು ಬದಿಗಿಟ್ಟು ಅಲ್ಲಿಂದ ಓದಲು ಶುರು ಮಾಡಿ.