ಆಟೋಮ್ಯಾಟಿಕ್ ಎಂಜಿನ್ ಮ್ಯಾನುಯಲ್ ಟ್ರಕ್‌ಗೆ ಹಾಕುವ ಮುಂಚೆ ಕ್ರ್ಯಾಂಕ್ ಹಿಂಭಾಗ ನೋಡಿ

ಆಟೋಮ್ಯಾಟಿಕ್ ಗಾಡಿಯಿಂದ ತೆಗೆದ ಅದೇ ಮಾದರಿಯ ಎಂಜಿನ್ ನಿಮ್ಮ ಮ್ಯಾನುಯಲ್ ಟ್ರಕ್‌ಗೆ ಹಾಗೇ ಕೂರುತ್ತದಾ ಅಂತ ಕೇಳಿದ್ದೀರಿ. ಕೂರುತ್ತದೆ, ಆದರೆ ಹಿಂಭಾಗದಲ್ಲಿ ಕೆಲಸ ಇದೆ.

ಎಂಜಿನ್ ಇನ್ನೂ ಕೆಳಗಿರುವಾಗಲೇ ಫ್ಲೆಕ್ಸ್‌ಪ್ಲೇಟ್ (ಆಟೋಮ್ಯಾಟಿಕ್‌ನಲ್ಲಿ ಫ್ಲೈವೀಲ್ ಜಾಗದಲ್ಲಿರುವ ತಟ್ಟೆ) ಬಿಚ್ಚಿ, ಕ್ರ್ಯಾಂಕ್‌ಶಾಫ್ಟ್ (ಎಂಜಿನ್ ತಿರುಗಿಸುವ ಮುಖ್ಯ ದಂಡ) ತುದಿಯ ತೂತಿಗೆ ಟಾರ್ಚ್ ಬಿಟ್ಟು ನೋಡಿ. ಮ್ಯಾನುಯಲ್ ಗಾಡಿಗಳಲ್ಲಿ ಸಾಮಾನ್ಯವಾಗಿ ಅಲ್ಲೊಂದು ಪೈಲಟ್ ಬೇರಿಂಗ್ ಅಥವಾ ಬುಶ್ ಇರುತ್ತದೆ, ಗೇರ್‌ಬಾಕ್ಸ್‌ನ ಇನ್‌ಪುಟ್ ಶಾಫ್ಟಿನ ಮೂತಿ ಅದರೊಳಗೇ ಕೂರುವುದು. ಆಟೋಮ್ಯಾಟಿಕ್‌ಗೆ ಅದು ಬೇಕಿಲ್ಲ, ಹಾಗಾಗಿ ಹಾಕಿರುವುದಿಲ್ಲ, ಕೆಲವು ಎಂಜಿನ್‌ಗಳಲ್ಲಂತೂ ತೂತನ್ನೇ ಅಳತೆಗೆ ಸರಿಯಾಗಿ ಕೊರೆದಿರುವುದಿಲ್ಲ. ವರ್ನಿಯರ್ ಇಟ್ಟು ಅಳೆಯಿರಿ. ಬೇರಿಂಗ್ ಇಲ್ಲದೆ ಜೋಡಿಸಿದರೆ ಶಾಫ್ಟ್ ಅಲ್ಲಾಡಿ, ಕ್ಲಚ್ ಸರಿಯಾಗಿ ಬಿಡದೆ, ಗೇರ್‌ಬಾಕ್ಸ್ ಮುಂದಿನ ಬೇರಿಂಗ್ ಕೂಡ ಹಾಳಾಗುತ್ತದೆ. ಆಮೇಲೆ ಎಲ್ಲ ಮತ್ತೆ ಇಳಿಸಬೇಕು, ಸುಮ್ನೆ ಯಾಕೆ ಅಲ್ವಾ?

ಫ್ಲೈವೀಲ್ (ಕ್ಲಚ್ ಕೂರುವ ಭಾರದ ಚಕ್ರ), ಕ್ಲಚ್ ನಿಮ್ಮ ಟ್ರಕ್ಕಿನ ಹಳೆಯ ಎಂಜಿನ್‌ನಿಂದ ಬರುತ್ತವೆ. ಬೋಲ್ಟ್‌ಗಳನ್ನೂ ಅಲ್ಲಿಂದಲೇ ತಗೊಳ್ಳಿ, ಇಲ್ಲವೇ ಹೊಸದು ಹಾಕಿ. ಫ್ಲೆಕ್ಸ್‌ಪ್ಲೇಟ್ ತೆಳು ತಗಡು, ಅದರ ಬೋಲ್ಟ್ ದಪ್ಪ ಫ್ಲೈವೀಲ್‌ಗೆ ಗಿಡ್ಡವಾಗುವುದೇ ಜಾಸ್ತಿ. ಫ್ಲೈವೀಲಿನ ಬ್ಯಾಲೆನ್ಸ್ ಕೂಡ ಎಂಜಿನ್‌ಗೆ ಹೊಂದಬೇಕು: ಷೆವರ್ಲೆ ಕಂಪನಿಯ 400 ಸ್ಮಾಲ್ ಬ್ಲಾಕ್ V8ನಂಥ ಎಂಜಿನ್‌ಗೆ ತೂಕ ಸೇರಿಸಿದ ಫ್ಲೈವೀಲೇ ಬೇಕು, ಅದೇ ಕಂಪನಿಯ 350 ಎಂಜಿನ್‌ನದ್ದು ಹಾಕಿದರೆ ಗಾಡಿ ನಡುಗುತ್ತದೆ.

ಇಂಜೆಕ್ಷನ್ ಎಂಜಿನ್ ಆದರೆ ನಿಮ್ಮ ಟ್ರಕ್ಕಿನ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್), ವೈರಿಂಗ್ ಎರಡನ್ನೂ ಹಾಗೇ ಉಳಿಸಿಕೊಳ್ಳಿ. ಆಟೋಮ್ಯಾಟಿಕ್ ಗಾಡಿಯ ಇಸಿಯು ಹಾಕಿದರೆ, ಅದು ಅಲ್ಲಿಲ್ಲದ ಆಟೋಮ್ಯಾಟಿಕ್ ಗೇರ್‌ಬಾಕ್ಸನ್ನು ಹುಡುಕುತ್ತಾ ಚೆಕ್ ಎಂಜಿನ್ ಲೈಟ್ ಹಾಕುತ್ತದೆ. ಸೆನ್ಸರ್ ಪ್ಲಗ್‌ಗಳು ಹೊಂದದಿದ್ದರೆ ಹಳೆಯ ಎಂಜಿನ್‌ನ ಸೆನ್ಸರ್‌ಗಳನ್ನೇ ಬಿಚ್ಚಿ ಇದಕ್ಕೆ ಹಾಕಿ.

ಎಂಜಿನ್ ಯಾವ ಮಾಡೆಲ್, ಯಾವ ವರ್ಷದ್ದು ಅಂತ ತಿಳಿಸಿ.