ಎರಡೇ ಬಿಯರ್‌ಗೆ 10,000 ದಂಡವೇ?

ಪ್ರಶ್ನೆ: ಹುಬ್ಬಳ್ಳಿಯಲ್ಲಿ ಸಂಬಂಧಿಕರ ಮದುವೆ ಇತ್ತು. ರಾತ್ರಿ ನನ್ನ ಮೈದುನ ನಮ್ಮ ಮನೆಯವರ ಬೈಕ್ ತಗೊಂಡು ಗದಗಿಗೆ ಹೊರಟ. ಅಣ್ಣಿಗೇರಿ ಹತ್ತಿರ ಪೊಲೀಸರು ಊದಿಸಿ, ಕೇಸ್ ಹಾಕಿ, ಬೈಕ್ ಇಟ್ಟುಕೊಂಡರು. 10,000 ದಂಡ ಬೀಳುತ್ತದಂತೆ. ಕುಡಿದದ್ದು ಎರಡೇ ಬಿಯರ್, ಗಾಡಿ ಸೀದಾ ಓಡಿಸುತ್ತಿದ್ದೆ ಅಂತಾನೆ. ಅಲ್ಲೇ ದಂಡ ಕಟ್ಟಿ ಮುಗಿಸಬಹುದಿತ್ತಲ್ವಾ? ಊದಲ್ಲ ಅಂದಿದ್ದರೆ? ಕೀಲಿ ಕೊಟ್ಟ ನಮ್ಮ ಮನೆಯವರಿಗೂ ತೊಂದರೆಯಾ?
– ಓದುಗರೊಬ್ಬರು, ಬೆಟಗೇರಿ

ಉತ್ತರ: ಅಕ್ಕಾ, ಮೊದಲು ಆ ‘ಎರಡೇ’ ವಿಷಯ ನೋಡೋಣ. 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಜಾಸ್ತಿ ಆಲ್ಕೋಹಾಲ್ ಇದ್ದರೆ ಅಪರಾಧ. 650 ಮಿಲಿಯ ಸ್ಟ್ರಾಂಗ್ ಬಿಯರ್ ಎರಡು ಬಾಟಲಿ ಕುಡಿದರೆ, 65 ಕಿಲೋ ತೂಕದ ಗಂಡಸಿನ ರಕ್ತದಲ್ಲಿ ಆ ಮಿತಿಯ ನಾಲ್ಕೈದು ಪಟ್ಟು ಸೇರಬಹುದು. ಒಂದು ತಾಸಿಗೆ ಇಳಿಯೋದು ಸುಮಾರು 15 ಮಿಲಿಗ್ರಾಂ ಅಷ್ಟೇ. ಮಜ್ಜಿಗೆ, ಲಿಂಬೆಹಣ್ಣು, ತಣ್ಣೀರು ಸ್ನಾನ ಯಾವುದೂ ಅದನ್ನು ಬೇಗ ಇಳಿಸಲ್ಲ. ರಾತ್ರಿ ಕುಡಿದು ಮಲಗಿ ಬೆಳಿಗ್ಗೆ ಎದ್ದು ಹೊರಟರೂ ಸಿಕ್ಕಿಬೀಳೋರು ಇದ್ದಾರೆ.

ಸೀದಾ ಓಡಿಸುತ್ತಿದ್ದೆ ಅನ್ನೋದು ಅವನಿಗೆ ಹಾಗೆ ಅನ್ನಿಸಿರುತ್ತೆ. ಕುಡಿದಾಗ ಮೊದಲು ಮಂಕಾಗೋದೇ ನಮ್ಮ ಅಂದಾಜು. ಗದಗ ರಸ್ತೆಯಲ್ಲಿ ಹಿಂದೆ ಲೈಟೂ ಇಲ್ಲದ, ರಿಫ್ಲೆಕ್ಟರೂ ಇಲ್ಲದ ಟ್ರ್ಯಾಕ್ಟರ್ ಟ್ರಾಲಿ ಕತ್ತಲಲ್ಲಿ ನಿಂತಿದೆ ಅಂದುಕೊಳ್ಳಿ. 60 ಕಿಮೀ ವೇಗದ ಬೈಕ್ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಹೋಗುತ್ತೆ. ಬ್ರೇಕ್ ಹಿಡಿಯೋದು ಅರ್ಧ ಸೆಕೆಂಡ್ ತಡವಾದರೆ ಎಂಟು ಮೀಟರ್ ಮುಂದೆ, ಅಂದರೆ ಟ್ರಾಲಿಯ ಕೆಳಗೇ. ಅವನನ್ನು ತಡೆದ ಪೊಲೀಸರ ಮೇಲೆ ನನಗಂತೂ ಸಿಟ್ಟು ಬರಲ್ಲ, ಅವನು ಜೀವಂತ ಮನೆಗೆ ಬಂದನಲ್ಲ ಅಂತ ಸಮಾಧಾನ ಆಗುತ್ತೆ.

ಅಲ್ಲೇ ಕಟ್ಟಿ ಮುಗಿಸೋಕೆ ಬರಲ್ಲ. ಹೆಲ್ಮೆಟ್ ದಂಡದ ಹಾಗೆ ಇದನ್ನು ರಸ್ತೆಯಲ್ಲಿ ತೀರಿಸೋ ಅವಕಾಶವನ್ನು ಕಾನೂನೇ ಕೊಟ್ಟಿಲ್ಲ, ಕೋರ್ಟಿಗೇ ಹೋಗಬೇಕು. ರಸ್ತೆಯಲ್ಲೇ ಯಾರಾದರೂ ಕೈಗೆ ದುಡ್ಡು ಕೇಳಿದರೆ ಅದು ದಂಡ ಅಲ್ಲ, ಲಂಚ. ಮೋಟಾರು ವಾಹನ ಕಾಯ್ದೆಯ 185ನೇ ಕಲಂ ಪ್ರಕಾರ ಮೊದಲ ಸಲ 10,000 ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಮತ್ತೆ ಸಿಕ್ಕರೆ 15,000 ಅಥವಾ ಎರಡು ವರ್ಷದವರೆಗೆ ಜೈಲು, ಅಥವಾ ಎರಡೂ. 2019ರ ತಿದ್ದುಪಡಿಗೆ ಮುಂಚೆ ಮೊದಲ ಸಲದ ದಂಡ 2,000ದವರೆಗೆ ಮಾತ್ರ ಇತ್ತು, ಜನ ಅದನ್ನು ಲೆಕ್ಕಕ್ಕೇ ಇಡುತ್ತಿರಲಿಲ್ಲ.

ಊದಲ್ಲ ಅಂದರೆ ಇನ್ನೂ ಕಷ್ಟ. ಕುಡಿದಿದ್ದಾನೆ ಅಂತ ಅನುಮಾನ ಇದ್ದರೆ ವಾರಂಟ್ ಇಲ್ಲದೆ ಹಿಡಿದುಕೊಂಡು ಹೋಗಬಹುದು, ಆ ನಿರಾಕರಣೆಯೂ ಕೋರ್ಟಿನಲ್ಲಿ ಅವನ ವಿರುದ್ಧವೇ ನಿಲ್ಲುತ್ತೆ.

ಇನ್ನು ಕೀಲಿ. ನನಗೆ ಜಾಸ್ತಿ ಚಿಂತೆ ಇರೋದು ಇದರದ್ದೇ. ಈ ಅಪರಾಧಕ್ಕೆ ಕುಮ್ಮಕ್ಕು ಕೊಟ್ಟವರಿಗೂ ಅದೇ ಶಿಕ್ಷೆ ಅಂತ 188ನೇ ಕಲಂ ಹೇಳುತ್ತೆ. ಕುಡಿದಿದ್ದಾನೆ ಅಂತ ಗೊತ್ತಿದ್ದೂ ಕೀಲಿ ಕೊಟ್ಟಿದ್ದರೆ ನಿಮ್ಮ ಮನೆಯವರೂ ಸಿಕ್ಕಿಕೊಳ್ಳಬಹುದು. ಅಪಘಾತ ಆಗಿದ್ದರೆ ಬೈಕ್ ರಿಪೇರಿಗೆ ಇನ್ಶೂರೆನ್ಸ್ ಸಿಗುತ್ತಿರಲಿಲ್ಲ. ಯಾರಾದರೂ ಸತ್ತಿದ್ದರೆ ಐದು ವರ್ಷದವರೆಗೆ ಜೈಲಾಗೋ ಕೇಸು ಅದು. ಮದುವೆಮನೆಯಲ್ಲಿ ಅವನಿಗೊಂದು ಚಾಪೆ ಹಾಸಿ ಮಲಗಿಸಿ, ಮರುದಿನ ಬಸ್ಸಿಗೆ ಹತ್ತಿಸಬಹುದಿತ್ತು ಅಲ್ವಾ?

ಕೋರ್ಟಿನ ತಾರೀಖು ಮಾತ್ರ ತಪ್ಪಿಸಬೇಡಿ, ತಪ್ಪಿಸಿದರೆ ವಾರಂಟ್ ಬರಬಹುದು. ಹೋಗುವಾಗ ಅವನ ಡಿಎಲ್, ಬೈಕಿನ ಆರ್‌ಸಿ, ಇನ್ಶೂರೆನ್ಸ್ ಕಾಗದ ಜೊತೆಗಿರಲಿ. ಲೈಸೆನ್ಸ್ ಅಮಾನತಾದರೆ ಆ ಅವಧಿ ಮುಗಿಯೋವರೆಗೆ ಬೈಕ್ ಅವನ ಕೈಗೆ ಕೊಡಲೇಬೇಡಿ.